ಹುಚ್ಚು ಅಳೆಯುವ ಊರಿಗೆ ಹೋಗಿಬಂದೆ

ಹೊರಡುವ ಮುಂಚೆ, ಜಗಳೂರು

ನನ್ನದು ಹೊಟ್ಟೆಕಿಚ್ಚಿನ ಸ್ವಭಾವ. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಅಮೆರಿಕಕ್ಕೆ ಹೋಗಿಬಂದವರು ಸಾಮಾನ್ಯವಾಗಿ ಅಲ್ಲಿನ ರಸ್ತೆ ನೋಡಿ ಬೆರಗಾದೆ, ಜಲಪಾತ ನೋಡಿ ಮಾತೇ ಹೊರಡಲಿಲ್ಲ ಎಂದೆಲ್ಲ ಬರೆಯುತ್ತಾರೆ. ನಾನು ಜಲಪಾತ ನೋಡಲಿಲ್ಲ. ನಾನು ನೋಡಿದ್ದು ಒಂದು ಸಣ್ಣ ಊರು, ಅದರ ಕೋರ್ಟು, ಮತ್ತು ಒಬ್ಬ ಗಲ್ಲುಶಿಕ್ಷೆಯ ಕೈದಿಗೆ ತಲೆ ಸರಿಯಿದೆಯೋ ಇಲ್ಲವೋ ಎಂದು ತೀರ್ಮಾನಿಸಲು ಆ ಊರಿನವರು ಸುರಿಯುತ್ತಿದ್ದ ದುಡ್ಡು. ನೋಡಿ ಹೊಟ್ಟೆ ಉರಿದುಹೋಯಿತು.

ನಾನು ಚನ್ನಗಿರಿಯಲ್ಲಿ ವಕೀಲೆ. ಹೊನ್ನಾಳಿ, ನ್ಯಾಮತಿ ಕೋರ್ಟುಗಳಿಗೂ ಓಡಾಡುತ್ತೇನೆ. ವಕೀಲರನ್ನು ಇಟ್ಟುಕೊಳ್ಳಲಾಗದ ಬಡವರಿಗೆ ಸರ್ಕಾರವೇ ವಕೀಲರನ್ನು ಕೊಡುತ್ತದಲ್ಲ, ಹಾಗೆ ಜಗಳೂರಿನ ಹಾಲೇಶ ನನ್ನ ಪಾಲಿಗೆ ಬಂದ. ಹಾಲೇಶ ಪಕ್ಕದ ಮನೆಯ ಗಂಡ ಹೆಂಡತಿಯನ್ನೂ ಅವರ ಪುಟ್ಟ ಮಗುವನ್ನೂ ಕೊಂದವನು. ಕೊಂದಿಲ್ಲ ಎಂದು ನಾನೂ ಹೇಳುವುದಿಲ್ಲ. ಆ ಮಗುವಿನ ಫೋಟೋ ನೋಡಿದ ದಿನ ನನಗೆ ಅನ್ನ ಸೇರಲಿಲ್ಲ. ಆದರೆ ಅವನ ತಲೆ ನೆಟ್ಟಗಿಲ್ಲ ಎನ್ನುವುದು ಅವನೆದುರು ಸ್ವಲ್ಪ ಹೊತ್ತು ಕೂತವರಿಗೆ ಯಾರಿಗಾದರೂ ಗೊತ್ತಾಗುತ್ತಿತ್ತು. ಮಾತಾಡುತ್ತಾ ಆಡುತ್ತಾ ಗೋಡೆಗೆ ಕಿವಿ ಕೊಡುತ್ತಿದ್ದ. ಶಿಕ್ಷೆ ಹೇಳುವ ಮುಂಚೆ ಜಡ್ಜ್ ಸಾಹೇಬರು ಏನಾದರೂ ಹೇಳುವುದಿದೆಯಾ ಎಂದು ಕೇಳಿದರೆ ಗೋಡೆ ನೋಡಿ ನಕ್ಕ. ಪಶ್ಚಾತ್ತಾಪದ ಲವಲೇಶವೂ ಇಲ್ಲ ಎಂದು ತೀರ್ಪಿನಲ್ಲಿ ಬಂತು. ಗಲ್ಲು ಆಯಿತು.

ಅದನ್ನು ಹೈಕೋರ್ಟು ಕಾಯಂ ಮಾಡಬೇಕು, ಇಲ್ಲವೇ ಜೀವಾವಧಿಗೆ ಇಳಿಸಬೇಕು. ಅವನನ್ನು ಸರ್ಕಾರಿ ಮನೋವೈದ್ಯರಿಗೆ ತೋರಿಸಿ ವರದಿ ತರಿಸಿ ಎಂದು ಹೈಕೋರ್ಟು ಹೇಳಿತ್ತು. ಆದರೆ ಈಗ ಜೈಲಿನಲ್ಲಿರುವವನನ್ನು ಈಗ ನೋಡಿದರೆ ಈಗಿನದು ಗೊತ್ತಾದೀತು. ಕೊಲೆಗೆ ಮುಂಚೆಯೂ ಕಾಯಿಲೆ ಇತ್ತೆಂದು ಮನೆಯವರು ಬಾಯಿಬಿಟ್ಟು ಹೇಳಬೇಕು. ಹೇಳಬೇಕಾದವರು ಅವನ ತಾಯಿ ಗಂಗಮ್ಮ. ಹೊರಡುವ ವಾರ ಜಗಳೂರಿಗೆ ಹೋಗಿ ಮತ್ತೊಮ್ಮೆ ಕೇಳಿದೆ.

"ನನ್ನ ಮಗನಿಗೆ ಏನೂ ಆಗಿರ್ಲಿಲ್ರೀ ಮೇಡಂ. ಚಂದಾಗೇ ಇದ್ದ. ಯಾರೋ ಆಗದವರು ಮಾಟ ಮಾಡಿಸಿದ್ರು, ಅಷ್ಟೆ."

"ಮಾಡಿಸಿದ್ರು ಅಂತೀರಲ್ಲ, ಏನಾಗ್ತಿತ್ತು ಅವನಿಗೆ?"

"ಏನೂ ಆಗ್ತಿರ್ಲಿಲ್ಲ ಅಂದ್ನಲ್ರೀ. ಎಷ್ಟು ಸಲ ಕೇಳ್ತೀರಿ?"

ಒಳಮನೆಯಲ್ಲಿ ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಮಗಳು ಶಾಂತ ಕಿವಿಗೊಟ್ಟಿದ್ದಳು. ಅವಳಿಗೆ ಒಂದು ಗಂಡು ಗೊತ್ತಾಗಿತ್ತು. ಅವಳ ಅಣ್ಣ ಕೊಲೆ ಮಾಡಿದವನು ಎನ್ನುವುದು ಆ ಬೀಗರಿಗೆ ಗೊತ್ತಿತ್ತು, ಸಿಟ್ಟಿನಲ್ಲಿ ಆಗಿಹೋಗಿದೆ ಎಂದು ಅದನ್ನು ಹೇಗೋ ನುಂಗಿಕೊಂಡಿದ್ದರು. ಆದರೆ ಹುಚ್ಚು? ಹುಚ್ಚು ರಕ್ತದಲ್ಲಿ ಬರುತ್ತದೆ, ನಾಳೆ ಹುಟ್ಟುವ ಮಕ್ಕಳಿಗೂ ಬರುತ್ತದೆ ಎನ್ನುವುದು ನಮ್ಮ ಕಡೆಯ ಲೆಕ್ಕ. ಸಿಟ್ಟಿನ ಕೊಲೆಗೆ ಕ್ಷಮೆ ಇದೆ, ಹುಚ್ಚಿಗಿಲ್ಲ. ಗಂಗಮ್ಮ ಮಗಳ ಮದುವೆ ಉಳಿಸಲು ಮಗನ ಕೊರಳು ಬಿಟ್ಟುಕೊಟ್ಟಿದ್ದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರನ್ನು ಮನಸಾರೆ ಬೈದುಕೊಂಡೆ.

ಇಳಿದ ದಿನ

ನನ್ನನ್ನು ಕರೆಸಿದ್ದು ಅಲ್ಲಿನ ಒಂದು ಕಾನೂನು ಕಾಲೇಜು. ನಮ್ಮಂಥ ಸಣ್ಣ ಊರಿನ ವಕೀಲರನ್ನು, ಅಲ್ಲಿ ಗಲ್ಲುಶಿಕ್ಷೆಯ ಪ್ರಕರಣ ನಡೆಸುವವರ ಜೊತೆ ಕೆಲವು ದಿನ ಬಿಡುವ ಏರ್ಪಾಡು. ವಿಮಾನದ ಬಗ್ಗೆ ಹೇಳುವಂಥದ್ದೇನಿಲ್ಲ. ಹೊನ್ನಾಳಿಯಿಂದ ಸಾಸ್ವೆಹಳ್ಳಿವರೆಗೆ ಬಸ್ಸಿನಲ್ಲಿ ನಿಂತು ಹೋಗಿ ರೂಢಿಯಾದವಳಿಗೆ ಕೂತು ಹೋಗುವುದು ಏನು ಮಹಾ.

ಇಳಿದ ಮೇಲೆ ನನ್ನ ಗುರೆಳ್ಳು ಚಟ್ನಿಪುಡಿ ಸಿಕ್ಕಿಬಿತ್ತು. ಕರೀ ಪುಡಿ, ಪ್ಲಾಸ್ಟಿಕ್ ಕವರು, ಮೇಲೆ ರಬ್ಬರ್ ಬ್ಯಾಂಡು. ಅಧಿಕಾರಿ ಅದನ್ನು ಬಾಂಬಿನಂತೆ ಎತ್ತಿ ಹಿಡಿದು "ಇದೇನು?" ಎಂದ. ಊಟ ಎಂದೆ. ನಂಬಲಿಲ್ಲ. ಅವನೆದುರೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ, ಖಾರ ಗಂಟಲಿಗೆ ಹತ್ತಿ ಕೆಮ್ಮಲು ಶುರುವಾಯಿತು, ಕಣ್ಣಲ್ಲಿ ನೀರು. ಅವನಿಗೆ ಅನುಮಾನ ಇನ್ನೂ ಜಾಸ್ತಿಯಾಯಿತು. ಕೊನೆಗೆ ಒಂದು ನಾಯಿ ಬಂದು ಮೂಸಿ, ಸೀನಿ, ಹೊರಟುಹೋಯಿತು. ಆ ನಾಯಿ ತೊಟ್ಟಿದ್ದ ಕೋಟು ನನ್ನ ಕೋರ್ಟಿನ ಕೋಟಿಗಿಂತ ಹೊಸದಾಗಿತ್ತು. ನನ್ನ ಉರಿ ಅಲ್ಲಿಂದಲೇ ಶುರು.

ಊರು ಸೇರುವಷ್ಟರಲ್ಲಿ ಸಂಜೆ. ಕೌಂಟಿ ಅನ್ನುತ್ತಾರೆ, ಅಂದರೆ ನಮ್ಮ ತಾಲ್ಲೂಕು ಇದ್ದಹಾಗೆ. ಸುತ್ತ ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳ. ಜಗಳೂರಿನ ಕಡೆಯೇ ಬಂದೆನೇನೋ ಎನ್ನಿಸಿತು. ಎದುರಿಗೆ ಬರುವ ಗಾಡಿಯವರೆಲ್ಲ ಸ್ಟೇರಿಂಗಿನಿಂದ ಒಂದೇ ಬೆರಳು ಎತ್ತಿ ತೋರಿಸುತ್ತಿದ್ದರು. ನಮ್ಮ ಕಾರಿನ ಚಕ್ರ ಪಂಕ್ಚರ್ ಆಗಿದೆ ಎಂದು ಹೇಳುತ್ತಿದ್ದಾರೆ ಅಂದುಕೊಂಡು ನಾನು ಎರಡು ಸಲ ಕಾರು ನಿಲ್ಲಿಸಲು ಹೇಳಿದೆ. ಅದು ಅವರ ನಮಸ್ಕಾರವಂತೆ. ನಮ್ಮಲ್ಲಾದರೆ ಗಾಡಿ ನಿಲ್ಲಿಸಿ, ಯಾರ ಮಗಳು, ಯಾವೂರು, ಎಲ್ಲಿಗೆ ಹೊರಟಿದ್ದು ಎಂದು ಕೇಳದೆ ಬಿಡುವುದಿಲ್ಲ.

ಡೆಬ್ರಾಳ ಆಫೀಸು

ಕಾರು ಓಡಿಸುತ್ತಿದ್ದವಳು ಡೆಬ್ರಾ. ನನ್ನ ವಯಸ್ಸಿನವಳೇ, ನನ್ನಂತೆಯೇ ಮಂಡಿನೋವು. ಗಲ್ಲುಶಿಕ್ಷೆಯಾದ ಕರ್ಟಿಸ್ ಎಂಬವನಿಗೆ ಅವಳು ವಕೀಲೆ. ಅವರ ಕಾನೂನಿನಲ್ಲಿ, ತನ್ನನ್ನು ಯಾಕೆ ಕೊಲ್ಲುತ್ತಿದ್ದಾರೆ ಎಂದು ತಿಳಿಯದ ಸ್ಥಿತಿಯಲ್ಲಿರುವವನನ್ನು ಕೊಲ್ಲುವಂತಿಲ್ಲ. ಕರ್ಟಿಸ್‌ಗೆ ತಿಳಿಯುತ್ತದೋ ಇಲ್ಲವೋ ಎನ್ನುವುದೇ ಈಗ ವಿಚಾರಣೆಯಲ್ಲಿದ್ದ ಪ್ರಶ್ನೆ.

ಅವಳ ಆಫೀಸಿನಲ್ಲಿ ಒಬ್ಬ ಹೆಂಗಸಿದ್ದಳು. ವಾದ ಮಾಡುವುದಿಲ್ಲ, ಟೈಪು ಮಾಡುವುದಿಲ್ಲ. ಅವಳ ಕೆಲಸ ಕರ್ಟಿಸ್ ಹುಟ್ಟಿದಾಗಿನಿಂದ ಅವನನ್ನು ಕಂಡವರ ಮನೆ ಮನೆಗೆ ಹೋಗಿ ಕೂರುವುದು. ಅವನಿಗೆ ಎರಡನೇ ಕ್ಲಾಸು ಕಲಿಸಿದ ಟೀಚರನ್ನು ಹುಡುಕಿದ್ದಳು, ಕ್ಷೌರದವನನ್ನೂ ಹುಡುಕಿದ್ದಳು. ಇದಕ್ಕೆ ಸಂಬಳ! ಪೆಟ್ರೋಲಿಗೆ ಬೇರೆ ದುಡ್ಡು!

"ನಿಮ್ಮ ಹಾಲೇಶನ ಮನೆಗೆ ಯಾರು ಹೋಗ್ತಾರೆ?" ಎಂದು ಡೆಬ್ರಾ ಕೇಳಿದಳು.

"ನಾನೇ."

"ಡಾಕ್ಟರ ಹತ್ತಿರ ಓಡಾಡೋದು?"

"ನಾನೇ."

"ನಿಮ್ಮ ಪರವಾಗಿ ಸಾಕ್ಷಿ ಹೇಳೋ ಡಾಕ್ಟರಿಗೆ ಫೀಸು ಯಾರು ಕೊಡ್ತಾರೆ?"

ನಾನು ನಕ್ಕುಬಿಟ್ಟೆ. ನಮ್ಮ ಪರವಾಗಿ ಡಾಕ್ಟರು ಎಲ್ಲಿಂದ ಬರಬೇಕು? ಒಬ್ಬರೇ ಸರ್ಕಾರಿ ಡಾಕ್ಟರು, ಹೊರಗೆ ಸಾಲು ನಿಂತ ರೋಗಿಗಳನ್ನು ಮುಗಿಸಿಕೊಂಡು, ಪೊಲೀಸರು ಅವಸರ ಮಾಡುತ್ತಿರುವಾಗಲೇ ಇವನನ್ನೂ ನೋಡಿ ಬರೆದುಕೊಡಬೇಕು. ಅವರನ್ನು ಬೈದು ಪ್ರಯೋಜನವಿಲ್ಲ, ಅವರಿಗಾದರೂ ಎಷ್ಟು ಕೈ? ಇಲ್ಲಿ ನೋಡಿದರೆ ಕರ್ಟಿಸ್ ಪರವಾಗಿ ಒಬ್ಬ ಡಾಕ್ಟರು, ಸರ್ಕಾರದ ಪರವಾಗಿ ಒಬ್ಬ, ಇವರಿಬ್ಬರೂ ಸಾಲದೆಂದು ಜಡ್ಜೇ ನೇಮಿಸಿದ ಇನ್ನೊಬ್ಬ. ಒಬ್ಬೊಬ್ಬರೂ ದಿನಗಟ್ಟಲೆ ಜೈಲಿನಲ್ಲಿ ಅವನ ಎದುರು ಕೂತಿದ್ದಾರೆ. ಎಲ್ಲರ ಫೀಸೂ ಜನರ ದುಡ್ಡಿನಿಂದ.

ಇಷ್ಟಾದರೂ ಡೆಬ್ರಾಳ ಗೊಣಗಾಟ ನಿಂತಿರಲಿಲ್ಲ. ಜಡ್ಜು ಇನ್ನೂ ಒಬ್ಬ ತಜ್ಞನನ್ನು ಕೊಡಲಿಲ್ಲ, ಮೆದುಳಿನ ಸ್ಕ್ಯಾನು ಹಳೆಯದಾಯಿತು, ಕಾಫಿ ಮಿಷನ್ನು ಕೆಟ್ಟಿದೆ. ನನಗೆ ಮೈ ಪರಚಿಕೊಳ್ಳುವಂತಾಯಿತು. ನಿನ್ನ ಕಾಫಿ ಮಿಷನ್ನಿನ ಮನೆ ಹಾಳಾಗ, ಆ ಮೂವರಲ್ಲಿ ಒಬ್ಬ ಡಾಕ್ಟರನ್ನು ನನ್ನ ಕೈಗೆ ಕೊಡೇ ತಾಯಿ ಅನ್ನಬೇಕೆನಿಸಿತು. ಚೆನ್ನಾಗಿದೆ ನಿಮ್ಮ ಆಫೀಸು ಎಂದಷ್ಟೇ ಹೇಳಿದೆ.

ಊರಿನವರ ಸಭೆ

ಮಾರನೆಯ ದಿನ ಕೌಂಟಿಯ ಸಭೆ. ಆ ವರ್ಷದ ಖರ್ಚಿನ ಮೇಲೆ ಊರಿನವರು ಯಾರು ಬೇಕಾದರೂ ಎದ್ದು ಮಾತಾಡಬಹುದು. ಮೈಕಿನ ಮುಂದೆ ಸಾಲಾಗಿ ನಿಲ್ಲುತ್ತಾರೆ, ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಬಾಯಿ ಹಾಕುವುದಿಲ್ಲ. ಇದೇ ನನಗೆ ಮೊದಲ ಆಶ್ಚರ್ಯ.

ಟ್ರ್ಯಾಕ್ಟರ್ ಕಂಪನಿಯ ಟೋಪಿ ಹಾಕಿದ್ದ ರೈತನೊಬ್ಬ ಎದ್ದು, ನನ್ನ ಹೊಲದ ಹತ್ತಿರದ ಸೇತುವೆ ಕುಸಿದು ಎಷ್ಟು ಕಾಲವಾಯಿತು, ಅದಕ್ಕೆ ದುಡ್ಡಿಲ್ಲ ಅನ್ನುತ್ತೀರಿ, ಒಬ್ಬ ಕೊಲೆಗಾರನಿಗೆ ಹುಚ್ಚು ಎಷ್ಟಿದೆ ಎಂದು ಅಳೆಯಲು ಡಾಕ್ಟರುಗಳಿಗೆ ಕೊಡುತ್ತೀರಿ ಎಂದು ದಬಾಯಿಸಿದ. ನನ್ನ ತೆರಿಗೆ ಏರಿದ್ದೇ ಆ ಕೊಲೆಗಾರನಿಂದ ಎಂದಳು ಒಬ್ಬ ಮುದುಕಿ. ಆಮೇಲೆ ಒಬ್ಬ ಸಣಕಲ ಮನುಷ್ಯ ಬಂದ. ಕೊಲ್ಲಬೇಕು ಅಂತ ಕೇಳಿದವರು ನಾವೇ, ಕೊಲ್ಲುವುದಾದರೆ ಸರಿಯಾಗಿ ನೋಡಿ ಕೊಲ್ಲಬೇಕು, ಅದಕ್ಕೆ ಖರ್ಚಾಗುತ್ತದೆ, ಖರ್ಚು ಬೇಡವಾದರೆ ಕೊಲ್ಲುವುದನ್ನು ಬಿಡಿ ಎಂದು ಹೇಳಿ ತನ್ನ ಜಾಗಕ್ಕೆ ಹೋಗಿ ಕೂತ. ಯಾರೂ ಅವನಿಗೆ ಹೊಡೆಯಲಿಲ್ಲ.

ರೈತನ ಮಾತು ನನಗೆ ಹೊಸದಲ್ಲ. ಹಾಲೇಶನಿಗೆ ಗಲ್ಲಾದ ವಾರ ಸವಳಂಗದಲ್ಲಿ ಬಸ್ಸು ಕಾಯುತ್ತಿದ್ದಾಗ ಪಕ್ಕದಲ್ಲಿದ್ದವರು ಪೇಪರು ಓದಿ ಹೇಳಿದ್ದರು: "ಇಂಥೋರಿಗೆ ಜೈಲಲ್ಲಿ ಅನ್ನ ಹಾಕೋದೇ ದಂಡ ರೀ. ನಿಂತ ಕಾಲ ಮೇಲೆ ನೇಣಿಗೆ ಹಾಕಬೇಕು." ಇಬ್ಬರ ಸಿಟ್ಟೂ ಒಂದೇ. ಆದರೆ ಅಲ್ಲಿ ನಿಜವಾಗಿ ಖರ್ಚು ಮಾಡಿ ಆಮೇಲೆ ಬೈಯುತ್ತಾರೆ, ನಮ್ಮಲ್ಲಿ ಖರ್ಚೇ ಮಾಡದೆ ಬೈಯುತ್ತಾರೆ. ಒಬ್ಬ ಮನುಷ್ಯನ ತಲೆ ಸರಿಯಿದೆಯೇ ಎಂದು ನೋಡಲು ಇಷ್ಟು ಯಾಕೆ ಖರ್ಚಾಯಿತು ಎಂದು ಹೊನ್ನಾಳಿಯಲ್ಲೋ ನ್ಯಾಮತಿಯಲ್ಲೋ ಯಾರಾದರೂ ಜಗಳ ತೆಗೆಯುವ ಭಾಗ್ಯ ನನಗೆ ಯಾವಾಗ ಬರುತ್ತದೋ. ಅವರ ಜಗಳ ನೋಡಿಯೂ ನನಗೆ ಹೊಟ್ಟೆಕಿಚ್ಚಾಯಿತು.

ಕೋರ್ಟಿನ ಪಡಸಾಲೆ

ವಿಚಾರಣೆಯ ದಿನ ನಾನು ಮಾಡಿದ ಕೆಲಸ ಕೇಳಿ. ಕೋರ್ಟಿಗೆ ಹೋಗುವುದೆಂದರೆ ಕೋರ್ಟಿನ ಉಡುಪಿನಲ್ಲೇ ಹೋಗಬೇಕು ಅಂದುಕೊಂಡು ಬಿಳಿ ಸೀರೆ, ಕರಿ ಕೋಟು, ಕೊರಳಿಗೆ ಬಿಳಿ ಬ್ಯಾಂಡು ಕಟ್ಟಿಕೊಂಡು ಹೊರಟೆ. ಅಲ್ಲಿನ ವಕೀಲರು ಮಾಮೂಲಿ ಕೋಟಿನಲ್ಲಿ ಬರುತ್ತಾರೆ, ಕೊರಳಲ್ಲಿ ಏನೂ ಇರುವುದಿಲ್ಲ. ಬಾಗಿಲಲ್ಲಿದ್ದ ಪೊಲೀಸಿನವನು ನನ್ನನ್ನು ನೋಡಿ ಟೋಪಿ ತೆಗೆದ. ನಮ್ಮ ಚನ್ನಗಿರಿಯಲ್ಲಿ ಇಷ್ಟು ವರ್ಷದಲ್ಲಿ ಯಾರೂ ನನಗೆ ಟೋಪಿ ತೆಗೆದವರಿಲ್ಲ, ಪರವಾಗಿಲ್ಲ ಜನ ಎಂದುಕೊಂಡೆ.

ಒಳಗೆ ಸರ್ಕಾರದ ಡಾಕ್ಟರು ಹೇಳಿದ: ಕರ್ಟಿಸ್ ಮಾತ್ರೆ ನುಂಗಿದ ದಿನಗಳಲ್ಲಿ ಸಾಕಷ್ಟು ತಿಳಿವಳಿಕೆಯಿಂದ ಮಾತಾಡುತ್ತಾನೆ. ಡೆಬ್ರಾಳ ಡಾಕ್ಟರು ಹೇಳಿದ: ತಾನು ಸತ್ತು ಎಷ್ಟೋ ಕಾಲವಾಗಿದೆ, ಸತ್ತವನನ್ನು ಮತ್ತೆ ಕೊಲ್ಲಲು ಯಾಕೆ ಇಷ್ಟು ಒದ್ದಾಡುತ್ತೀರಿ ಎಂದು ಅವನು ಕೇಳುತ್ತಾನೆ. ಕರ್ಟಿಸ್ ಮೇಜಿನ ಮೇಲೆ ಕೈಯಿಟ್ಟು, ಯಾರದೋ ಮದುವೆಗೆ ಬಂದವನ ಹಾಗೆ ಸುಮ್ಮನೆ ಕೂತಿದ್ದ.

ಊಟದ ಬಿಡುವಿನಲ್ಲಿ ಪಡಸಾಲೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು ನನ್ನ ಎರಡೂ ಕೈ ಹಿಡಿದುಕೊಂಡರು. ಕರ್ಟಿಸ್‌ನ ತಾಯಿ, ಲೊರೆಟ್ಟಾ. ಅವರ ಇಂಗ್ಲಿಷನ್ನು ನಮ್ಮ ಮಾತಿನಲ್ಲೇ ಹೇಳುತ್ತೇನೆ, ನನ್ನ ಕಿವಿಗೆ ಅದು ಹಾಗೇ ಬಿತ್ತು.

"ತಾಯಿ, ನೀವು ಯಾವ ಚರ್ಚಿನೋರು? ನನ್ನ ಮಗನಿಗೋಸ್ಕರ ಒಂದು ಪ್ರಾರ್ಥನೆ ಮಾಡ್ರಿ."

ಅಯ್ಯೋ ಶಿವನೇ, ಆಗ ಹೊಳೆಯಿತು. ಕರಿ ಕೋಟು, ಕೊರಳಲ್ಲಿ ಬಿಳಿ ಪಟ್ಟಿ. ಬಾಗಿಲಿನಿಂದ ಹಿಡಿದು ಎಲ್ಲರೂ ನನ್ನನ್ನು ಪಾದ್ರಿ ಅಂದುಕೊಂಡಿದ್ದರು. ನಾನು ಲಿಂಗ ಕಟ್ಟಿದವಳು, ಅವರ ಪ್ರಾರ್ಥನೆಯ ಒಂದಕ್ಷರ ಬಾರದು. ಆದರೆ ಆ ಹೆಂಗಸು ಹಿಡಿದ ಕೈ ಬಿಡಲಿಲ್ಲ. ಕಣ್ಣು ಮುಚ್ಚಿ, ನಿಮ್ಮ ಮಗ ಬೇಗ ಹುಷಾರಾಗಲಿ ಎಂದು ಬೇಡಿಕೊಳ್ಳುತ್ತೇನೆ ಎಂದೆ.

ಲೊರೆಟ್ಟಾ ಸರಕ್ಕನೆ ಕೈ ಎಳೆದುಕೊಂಡರು. "ಬ್ಯಾಡ! ಅದೊಂದು ಬ್ಯಾಡ. ಹುಷಾರಾಗ್ಲಿ ಅಂತ ಮಾತ್ರ ಬೇಡ್ಕೋಬ್ಯಾಡ್ರಿ."

ಆಮೇಲೆ ಅವರೇ ನನ್ನನ್ನು ಬೆಂಚಿನ ಮೇಲೆ ಕೂರಿಸಿ ಹೇಳಿದರು. ಮಗ ಮಾತ್ರೆ ನುಂಗಿದರೆ ತಲೆ ತಿಳಿಯಾಗುತ್ತದೆ. ಅಮ್ಮಾ ಎಂದು ಗುರುತಿಸಿ ಮಾತಾಡಿಸುತ್ತಾನೆ. ತಿಳಿಯಾದ ಎಂದು ಡಾಕ್ಟರು ಬರೆದರೆ ಸಾಯುವ ತಾರೀಖು ಗೊತ್ತಾಗುತ್ತದೆ. ಆ ಗಾಬರಿಗೆ ಮತ್ತೆ ಕೆಡುತ್ತದೆ, ಮತ್ತೆ ವಿಚಾರಣೆ, ಮತ್ತೆ ಡಾಕ್ಟರುಗಳು. ಹೀಗೇ ವರ್ಷಗಳಿಂದ ನಡೆದಿದೆ. "ಅವನು ನನ್ನ ಗುರುತು ಹಿಡಿದ ದಿನ ನನಗೆ ಜೀವ ಹೋಗ್ತೈತೆ. ಗುರುತು ಹಿಡೀದ ದಿನ ಮನೆಗೆ ಹೋಗಿ ನೆಮ್ಮದಿಯಾಗಿ ಮಲಗ್ತೀನಿ. ನಾನೂ ಒಬ್ಬಳು ತಾಯಿ ನೋಡ್ರಿ."

ಮಧ್ಯಾಹ್ನ ಲೊರೆಟ್ಟಾ ಸಾಕ್ಷಿ ಕಟ್ಟೆ ಹತ್ತಿದರು. ಮಗನಿಗೆ ಎಷ್ಟನೇ ವಯಸ್ಸಿನಲ್ಲಿ ಏನಾಯಿತು, ಅವನು ಮನೆಯ ಕನ್ನಡಿಗಳಿಗೆಲ್ಲ ಬಟ್ಟೆ ಮುಚ್ಚಿದ್ದು, ತಮ್ಮ ತಾಯಿಗೂ ಹೀಗೇ ಆಗಿದ್ದು, ಎಲ್ಲವನ್ನೂ ಊರಿನವರ ಮುಂದೆ ತಲೆಯೆತ್ತಿ ಹೇಳಿದರು. ನಿಮ್ಮ ವಂಶದಲ್ಲೇ ಇದೆಯಾ ಎಂದರೆ ಹೌದು ಇದೆ ಎಂದರು. ಹಿಂದಿನ ಸಾಲಿನಲ್ಲಿ ಅವರ ಹೆಣ್ಣುಮಕ್ಕಳು, ಅಳಿಯಂದಿರು ಕೂತಿದ್ದರು. ಯಾರೂ ಮುಖ ತಿರುಗಿಸಲಿಲ್ಲ.

ಡಾಕ್ಟರುಗಳನ್ನು ನೋಡಿ ಆಗಿದ್ದ ಉರಿ ಇದರ ಮುಂದೆ ಏನೇನೂ ಅಲ್ಲ. ಹುಚ್ಚು ಎಂಬ ಮಾತನ್ನು ಬಾಯಿತುಂಬ ಹೇಳಬಲ್ಲ ಒಬ್ಬ ತಾಯಿ! ಅಳಿಯನ ಮುಂದೆ! ಇಂಥ ತಾಯಿ ಹಾಲೇಶನಿಗೆ ಇದ್ದಿದ್ದರೆ ಎಂದುಕೊಂಡು ನಾನು ಆ ಬಿಳಿ ಪಟ್ಟಿಯನ್ನು ಬಿಚ್ಚಿ ಚೀಲಕ್ಕೆ ತುರುಕಿದೆ. ಕರ್ಟಿಸ್‌ನ ವಿಚಾರಣೆ ನಾನು ಹೊರಡುವವರೆಗೂ ಮುಗಿಯಲಿಲ್ಲ.

ಮತ್ತೆ ಜಗಳೂರು

ಊರಿಗೆ ಬಂದವಳೇ ಜಗಳೂರಿಗೆ ಹೋದೆ. ಗಂಗಮ್ಮ ಶೇಂಗಾ ಸುಲಿಯುತ್ತಿದ್ದರು, ಶಾಂತ ರವಿಕೆಗೆ ಗುಂಡಿ ಹಚ್ಚುತ್ತಿದ್ದಳು.

"ಹೆಂಗೈತ್ರಿ ಅಮೇರಿಕ?" ಎಂದರು ಗಂಗಮ್ಮ.

ಲೊರೆಟ್ಟಾರ ವಿಷಯ ಎಲ್ಲಾ ಹೇಳಿದೆ. ಕನ್ನಡಿಗೆ ಬಟ್ಟೆ ಮುಚ್ಚಿದ್ದು, ಅಳಿಯಂದಿರ ಮುಂದೆ ನಿಂತು ಹೇಳಿದ್ದು. ಹೊಟ್ಟೆಕಿಚ್ಚಿನಿಂದಲೇ ಹೇಳಿದೆ, ನಿಮ್ಮ ಕೈಯಲ್ಲಿ ಯಾಕೆ ಆಗುವುದಿಲ್ಲ ಎನ್ನುವ ಧಾಟಿಯಲ್ಲೇ ಹೇಳಿದೆ.

"ಅವರ ಹೆಣ್ಮಕ್ಕಳಿಗೆ ಮದುವೆ ಆಗಿತ್ತಲ್ರೀ," ಎಂದರು ಗಂಗಮ್ಮ. ಶೇಂಗಾ ಸುಲಿಯುವ ಕೈ ನಿಲ್ಲಲಿಲ್ಲ. "ಆಗಿದ್ಮ್ಯಾಲೆ ಯಾರಾದ್ರೂ ಹೇಳ್ತಾರೆ."

ಆ ಊರಿನವರು ಬೈಯುತ್ತಲೇ ತೆರಿಗೆ ಕಟ್ಟಿ ಡಾಕ್ಟರುಗಳ ಖರ್ಚು ಹೊತ್ತುಕೊಂಡಿದ್ದರು. ಇಲ್ಲಿ ಹಾಲೇಶನ ತಲೆ ಪರೀಕ್ಷೆಯ ಖರ್ಚು ಪೂರ್ತಿ ಈ ಹುಡುಗಿಯ ತಲೆಯ ಮೇಲೆ ಬಿದ್ದಿತ್ತು. ಅದನ್ನು ಕೊಡು ಎಂದು ಕೇಳಲು ನಾನ್ಯಾರು? ಸುಮ್ಮನಿರಲಾರದೆ, ಲೊರೆಟ್ಟಾ ನನ್ನ ಕೈ ಕೊಡವಿದ್ದನ್ನೂ ಹೇಳಿದೆ. ಹುಷಾರಾದರೆ ಅಲ್ಲಿ ಕೊಲ್ಲುತ್ತಾರೆ, ಅದಕ್ಕೇ ಮಗ ಹುಷಾರಾಗಲಿ ಎಂದು ಬೇಡಿಕೊಳ್ಳಲು ಆ ತಾಯಿ ಹೆದರುತ್ತಾರೆ ಎಂದೆ.

ಗಂಗಮ್ಮನ ಕೈ ನಿಂತಿತು.

"ಇಲ್ಲೂ ಹಂಗೇನಾ ರೀ? ಅವನಿಗೆ ಔಷಧಿ ಕೊಟ್ಟು ಹುಷಾರು ಮಾಡಿ ಆಮ್ಯಾಲೆ ನೇಣಿಗೆ ಹಾಕ್ತಾರಾ?"

"ಇಲ್ಲ ಗಂಗಮ್ಮ. ಕಾಯಿಲೆ ಇತ್ತು ಅಂತ ಹೈಕೋರ್ಟಿಗೆ ಮನವರಿಕೆ ಆದ್ರೆ ಜೀವಾವಧಿಗೆ ಇಳಿಸಬಹುದು. ಇಳಿಸೇ ಇಳಿಸ್ತಾರೆ ಅಂತ ಹೇಳಾಕಾಗಲ್ಲ. ಆದ್ರೆ ಒಂದ್ಸಲ ಜೀವಾವಧಿ ಅಂತ ಕಾಯಂ ಆದ್ರೆ, ಆಮ್ಯಾಲೆ ಹುಷಾರಾದ ಅಂತ ಯಾರೂ ನೇಣಿಗೆ ಹಾಕಾಕೆ ಬರಲ್ಲ."

"ಹಂಗಾದ್ರೆ ಅವನು ಹುಷಾರಾಗ್ಲಿ ಅಂತ ನಾನು ಬೇಡ್ಕೋಬಹುದು?"

"ಬೇಡ್ಕೋಬಹುದು."

ಗಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಇಷ್ಟು ವರ್ಷ ನಾನು ಬೈದುಕೊಂಡಿದ್ದ ಹೆಂಗಸು. ವಿಚಾರಣೆ ನಡೆದಾಗಲೂ ಗಲ್ಲಾದಾಗಲೂ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ. ಲೊರೆಟ್ಟಾ ಇಲ್ಲಿ ಇದ್ದಿದ್ದರೆ ಇವರನ್ನು ನೋಡಿ ಹೊಟ್ಟೆಕಿಚ್ಚುಪಡುತ್ತಿದ್ದರು.

ಶಾಂತ ರವಿಕೆಯನ್ನು ಪಕ್ಕಕ್ಕಿಟ್ಟು ಫೋನು ತೆಗೆದುಕೊಂಡಳು.

"ಯಾರಿಗೇ?" ಎಂದರು ಗಂಗಮ್ಮ.

"ಬೀಗರಿಗೆ."

"ಬ್ಯಾಡ ಶಾಂತಾ, ತಡಿಯೇ ನನ್ನವ್ವ, ನಾಳೆ ನೋಡೋಣ," ಎಂದು ಗಂಗಮ್ಮ ಏಳುವಷ್ಟರಲ್ಲಿ ಅತ್ತ ಕಡೆ ಯಾರೋ ಎತ್ತಿದ್ದರು. ಶಾಂತ ಗೋಡೆಗೆ ಒರಗಿ ನಿಂತು ಮಾತಾಡಿದಳು. "ಮಾವಾ, ನಾನು ಶಾಂತ. ನಮ್ಮಣ್ಣ ಸಿಟ್ಟಿನಾಗೆ ಮಾಡಿದ್ದಲ್ಲ. ಅವನಿಗೆ ಮೊದಲಿಂದ ತಲೆ ಕೆಟ್ಟಿತ್ತು. ನಾವು ನಿಮಗೆ ಹೇಳಿರ್ಲಿಲ್ಲ. ಕೋರ್ಟಿನಾಗೆ ಹೇಳ್ತೀವಿ, ಪೇಪರಿನಾಗೂ ಬರ್ತೈತೆ. ನೀವು ಬೇರೆಯವರಿಂದ ಕೇಳೋದು ಬ್ಯಾಡ ಅಂತ ಫೋನು ಮಾಡ್ದೆ."

ಅತ್ತಲಿಂದ ಏನು ಹೇಳಿದರೋ ನಮಗೆ ಕೇಳಿಸಲಿಲ್ಲ. ಶಾಂತ ಹೂಂ ಎಂದಳು, ಮತ್ತೆ ಹೂಂ ಎಂದಳು, ಆಯ್ತ್ರಿ ಮಾವಾ ಎಂದು ಫೋನು ಕೆಳಗಿಟ್ಟಳು. ನಾನು ಅವಳ ಮುಖ ನೋಡಲಾರದೆ ನೆಲ ನೋಡುತ್ತಿದ್ದೆ. ಅವಳು ಬಂದು ತಾಯಿಯ ಎದುರು ಕೂತಳು, ಶೇಂಗಾದ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಅವ್ವಾ," ಎಂದಳು, "ಮುಚ್ಚಿಡಾಕೆ ಈಗ ಏನೂ ಉಳಿದಿಲ್ಲ. ಅಣ್ಣನಿಗೆ ಮೊದಲು ಏನಾಯ್ತು, ಮೇಡಮ್ಮೋರಿಗೆ ಹೇಳು."